ಸದರಿ ಮಾತುಗಳು

ಫ್ರೀಟೌನಿನ ಆ ಕೋರ್ಟಿನಲ್ಲಿ
ಟೈಪಿಸ್ಟ್ ಇಲ್ಲ, ರೆಕಾರ್ಡರ್ ಇಲ್ಲ.
ಜಡ್ಜರು ಕೈಯಾರೆ ಬರೆದುಕೊಳ್ಳುತ್ತಾರೆ
ದಪ್ಪ ರಟ್ಟಿನ ಪುಸ್ತಕದಲ್ಲಿ, ನೀಲಿ ಶಾಯಿಯಲ್ಲಿ.
ಹಾಗಾಗಿ ವಕೀಲೆ ಬೈಂದು ಸ್ವರೇ
ನಾಲ್ಕೈದು ಪದ ಹೇಳಿ ನಿಲ್ಲುತ್ತಾಳೆ.
ಪೆನ್ನಿನ ತುದಿ ನೋಡುತ್ತಾಳೆ.
ಅದು ಹಾಳೆಯಿಂದ ಎದ್ದ ಮೇಲೆ
ಮತ್ತೆ ನಾಲ್ಕೈದು.

(ಸ್ವರೇ ಎಂಬುದು ಅಲ್ಲಿನ ಮೆಂಡೆ ಜನರ ಮನೆತನದ ಹೆಸರು.
ನನ್ನ ಕಿವಿಗೆ ಬೇರೇನೋ ಕೇಳಿಸುತ್ತದೆ.
ಅದು ಕಿವಿಯ ತಪ್ಪು. ಇರಲಿ ಬಿಡಿ.)

ಇಪ್ಪತ್ತಾರು ವರ್ಷ ಹೀಗೆ.
ಯಾವುದೋ ಚಳಿದೇಶದ ತಲೆಗೆಂದು ಹೊಲಿದ
ಕುದುರೆಗೂದಲಿನ ವಿಗ್ಗು
ಬೆವರು ಕುಡಿದೂ ಕುಡಿದೂ ಹಳದಿಯಾಗಿದೆ.
ಕರೆಂಟು ಹೋದರೆ ಕಿಟಕಿ ತೆರೆಯುತ್ತಾರೆ,
ಹೊಗೆಮೀನಿನ ವಾಸನೆ ಒಳಗೆ ಬಂದು
ಸಾಕ್ಷಿಯಂತೆ ಕೂರುತ್ತದೆ.
ಬಾಯಿಬಿಟ್ಟು ಮಾತಾಡುವ ಹಕ್ಕನ್ನು
ಒಮ್ಮೆಯೂ ಬಾಯಿತುಂಬ ಕೇಳಿದವಳಲ್ಲ.
ಕಂತಿನಲ್ಲಿ ಕೇಳಿದ್ದಾಳೆ.

ಮನೆಯಲ್ಲೂ ಅದೇ ಚಾಳಿ.
"ಕಸಾವ ಸೊಪ್ಪಿನ ಸಾರು"
ನಿಲ್ಲುತ್ತಾಳೆ
"ಒಲೆಯ ಮೇಲಿದೆ."
ಮಗಳು ತೆನ್ನೆ ನಗುತ್ತಾಳೆ:
ನಾನೇನೂ ಬರೆದುಕೊಳ್ತಿಲ್ಲಮ್ಮಾ, ಮುಂದೆ ಹೇಳು.
ಜಗಳದಲ್ಲಿ ಇವಳ ಎರಡನೇ ವಾಕ್ಯ ಬರುವಷ್ಟರಲ್ಲಿ
ಗಂಡ ಗೇಟು ದಾಟಿರುತ್ತಿದ್ದನಂತೆ.
ಒಂದು ದಿನ ದಾಟಿದವನು ದಾಟಿಯೇ ಹೋದ.

ಈ ಸಲದ ಕಕ್ಷಿದಾರ ಸಾಂಟಿಗಿ,
ಬೆಳಗಿನ ಆರೂವರೆಯ ರೇಡಿಯೊದವನು.
ಅಕ್ಕಿಯ ಬೆಲೆ, ದೋಣಿಯ ವೇಳೆ ಓದಿ
ನಡುವೆ ಒಂದೇ ಒಂದು ವಾಕ್ಯ ಅಂದಿದ್ದ.
ಪ್ಯಾಂಟು ಹಾಕಿಕೊಳ್ಳಲೂ ಬಿಡದೆ ಎಳೆದೊಯ್ದರು.

ಆ ಊರಲ್ಲಿ ಎದುರು ಸಿಕ್ಕವರೆಲ್ಲ ಕೇಳುವುದು
"ಹೌ ಡಿ ಬಾಡಿ?" ಮೈ ಹೇಗಿದೆ?
ಮೀನಿನವಳೂ ಕೇಳುತ್ತಾಳೆ, ಬಿಷಪ್ಪರೂ,
ಸಾಲ ವಸೂಲಿಗೆ ಬಂದವನೂ.
ಹನ್ನೊಂದು ದಿನ ಸಾಂಟಿಗಿಯ ಮೈ
ಎಲ್ಲಿದೆಯೆಂದೇ ಯಾರೂ ಬಾಯಿಬಿಡಲಿಲ್ಲ.
ಬೈಂದು ಹಾಕಿದ ಹೇಬಿಯಸ್ ಅರ್ಜಿಯಲ್ಲೂ
ಲ್ಯಾಟಿನ್ ಸುಲಿದರೆ ಇದ್ದದ್ದು ಅಷ್ಟೇ:
ಮೈ ಹೇಗಿದೆ? ತಂದು ತೋರಿಸಿ.
ತಂದರು. ಬಲಗಿವಿ ಕೇಳಿಸುತ್ತಿರಲಿಲ್ಲ.
"ಡಿ ಬಾಡಿ ಫೈನ್" ಅಂದ,
ರೂಢಿ ಬಿಡಬಾರದಲ್ಲ.

ಆರೋಪಪಟ್ಟಿಯಲ್ಲಿ ಆ ವಾಕ್ಯವಿಲ್ಲ.
ಬರೆಯಲು ಪೊಲೀಸರ ಕೈ ನಡುಗಿತ್ತೇನೋ,
"ಸದರಿ ಆರೋಪಿಯು ಸದರಿ ಮಾತುಗಳನ್ನು
ಸದರಿ ದಿನದಂದು" ಎಂದಷ್ಟೇ.

ಗುರುವಾರ ಬೈಂದು ಎದ್ದಳು.
"ಸದರಿ ಮಾತುಗಳು, ಸ್ವಾಮೀ,
ಯಾವುವು?"
ನಿಂತಳು.
ಪೆನ್ನು ಬರೆಯಿತು. ಎದ್ದಿತು.
ಅವಳು ಮುಂದುವರಿಸಲಿಲ್ಲ.

ಪೆನ್ನು ಗಾಳಿಯಲ್ಲಿ.
ಗೋಡೆಯ ಹಲ್ಲಿಯೂ ಕಾಯುತ್ತಿತ್ತು.
ಸೆಕೆಗೆ ಯಾರೋ ಕಾಗದ ಬೀಸುವ ಸದ್ದು, ಅದೂ ನಿಂತಿತು.
ಇಪ್ಪತ್ತಾರು ವರ್ಷ ಕಾದು ಕಲಿತವಳಿಗೆ
ಇನ್ನೊಂದು ನಿಮಿಷ ಯಾವ ಲೆಕ್ಕ?
ಕಾದು ಗೊತ್ತಿಲ್ಲದವನು ಸರ್ಕಾರಿ ವಕೀಲ.
ತಡೆಯಲಾರದೆ ಎದ್ದ, ಕೆಂಪಾಗಿ, ಒಂದೇ ಉಸಿರಿಗೆ:
"ಹೆರಿಗೆ ಆಸ್ಪತ್ರೆಯ ಜನರೇಟರು
ಮಂತ್ರಿಗಳ ಮನೆಯಲ್ಲಿ ಓಡುತ್ತಿದೆ
ಅಂದಿದ್ದಾನೆ ಸ್ವಾಮೀ!"

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.
ಒಬ್ಬಳು ಮುದುಕಿ, ಹೌದೌದು ಅಂದಳು.
ಜಡ್ಜರು ಸರ್ಕಾರದ ಕಡೆ ನೋಡಿ,
"ಸ್ವಲ್ಪ ನಿಧಾನ," ಎಂದರು,
"ಹೆರಿಗೆ ಆಸ್ಪತ್ರೆಯ... ಮುಂದೆ?"
ಸರ್ಕಾರ ಮತ್ತೆ ಹೇಳಿತು.
ಪದಪದವಾಗಿ.
ಪೆನ್ನು ಬರೆದುಕೊಂಡಿತು.

ಆಡಿದ ಮಾತು ಹೋಯಿತು ಅನ್ನುತ್ತಾರೆ.
ಇದು ಹೋಗಲಿಲ್ಲ, ಪುಟ ನೂರಾ ನಲವತ್ತೆರಡು.

ಬಿಡುಗಡೆ? ಇಲ್ಲ.
ಮುಂದಿನ ತಿಂಗಳು ಒಂಬತ್ತಕ್ಕೆ ಮುಂದೂಡಿಕೆ.
ಸಾಂಟಿಗಿ ವ್ಯಾನು ಹತ್ತುವಾಗ
ಎಡಗಿವಿಯನ್ನು ಅವಳತ್ತ ತಿರುಗಿಸಿದ.
ಅವಳಿಗೆ ಹೇಳಲು ಏನೂ ತೋಚಲಿಲ್ಲ.

ಹೊರಗೆ, ದೊಡ್ಡ ಬೂರುಗದ ಮರ ಉರುಳಿದಂದಿನಿಂದ
ಬಾವಲಿಗಳಿಗೆ ಸಂಜೆ ಎಲ್ಲಿಗೆ ಹೋಗಬೇಕೆಂದು ತಿಳಿಯದು.
ವಿಗ್ಗನ್ನು ತಗಡಿನ ಡಬ್ಬಿಯಲ್ಲಿಟ್ಟು
ಒಕಾಡ ಬೈಕಿನ ಹಿಂದೆ ಹತ್ತಿದಳು.
"ಗಡಿಯಾರದ ಹತ್ತಿರ ಎಡಕ್ಕೆ,
ಆಮೇಲೆ"
ಅಂದು ನಿಂತಳು.
ಹುಡುಗ ಕಾಯಲಿಲ್ಲ.
ಬೈಕು ಹೊರಟಿತ್ತು.